ಒಂದು ಓಟಿನ ಊರು: ಸಂತೇಮರಹಳ್ಳಿ, 2004

2024ರ ಏಪ್ರಿಲ್ 26. ಲೋಕಸಭೆಗೆ ಮತದಾನದ ದಿನ. ಗೋಕುಲಂನಲ್ಲಿ ಬೆಳಿಗ್ಗೆಯೇ ಓಟು ಹಾಕಿ, ಬೆರಳಿಗೆ ಮಸಿ ಬಳಿಸಿಕೊಂಡು, ಕಾಂಟೂರ್ ರಸ್ತೆಯ ಕಡೆ ಎಳನೀರು ಕುಡಿಯಲು ನಿಂತಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ ನಿಂತಿದ್ದ. ಬೆರಳು ಖಾಲಿ. "ಹಾಕಲಿಲ್ವೇನಪ್ಪಾ?" ಅಂದೆ. "ನನ್ನೊಂದು ಓಟಿಂದ ಏನಾಗುತ್ತೆ ಬಿಡಿ ಸಾರ್" ಅಂದ. ಎಳನೀರಿನವರು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ಹೇಳಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ, ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿರುವ ನಮ್ಮ ಸೀಮೆಗೆ ಹೋಗಬೇಕು. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ. ಅರ್ಧ ಇತಿಹಾಸ, ಅರ್ಧ ತಪ್ಪೊಪ್ಪಿಗೆ ಅಂದುಕೊಳ್ಳಿ.

ಮೈಸೂರಿನಿಂದ ತಿ. ನರಸೀಪುರ, ಮೂಗೂರು ದಾಟಿ ಹೋದರೆ ಸಂತೇಮರಹಳ್ಳಿ ಸಿಗುತ್ತದೆ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಗೆ ನಮ್ಮ ನರಸೀಪುರದ ರಸ್ತೆ ಬಂದು ಸೇರುವ ಜಾಗ ಅದು. ಹೆಸರಲ್ಲೇ ಸಂತೆ ಇದೆ. ಒಂದು ಸರ್ಕಲ್ಲು, ಸುತ್ತ ಹೋಟೆಲು, ಗೊಬ್ಬರದಂಗಡಿ, ರೇಷ್ಮೆ ಕಾರ್ಖಾನೆ, ಬಸ್ಸಿಗೆ ಕಾಯುವ ಜನ. ಪೂರ್ತಿ ಹಳ್ಳಿಯೂ ಅಲ್ಲ, ಪಟ್ಟಣ ಅಂತ ಕರೆಯಲೂ ಬಾಯಿ ಬರುವುದಿಲ್ಲ. ಹತ್ತಿರದಲ್ಲೇ ಉಮ್ಮತ್ತೂರು ಇದೆ. ಐನೂರು ವರ್ಷದ ಹಿಂದೆ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ದಂಡೆತ್ತಿ ಬಂದು ಬಗ್ಗುಬಡಿಯಬೇಕಾಗಿ ಬಂದ ಪಾಳೆಯಗಾರರ ಉಮ್ಮತ್ತೂರು ಅದೇ. ರಾಜಕೀಯ ನಮ್ಮ ಸೀಮೆಗೆ ಹೊಸದೇನಲ್ಲ ಅಂತ ಹೇಳಲು ಇಷ್ಟು ಸಾಕು :-)

2008ರ ತನಕ ಈ ಸಂತೇಮರಹಳ್ಳಿಯ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಬಂದ ಫಲಿತಾಂಶ ಹೀಗಿತ್ತು:

ಆರ್. ಧ್ರುವನಾರಾಯಣ, ಕಾಂಗ್ರೆಸ್: 40,752
ಎ.ಆರ್. ಕೃಷ್ಣಮೂರ್ತಿ, ಜಾತ್ಯತೀತ ಜನತಾದಳ: 40,751

ಅಂತರ ಒಂದು. ಅಚ್ಚಿನ ತಪ್ಪಲ್ಲ. ಇಬ್ಬರಿಗೂ ಸೇರಿ ಬಿದ್ದ 81,503 ಓಟುಗಳಲ್ಲಿ ಒಂದೇ ಒಂದು ಓಟು ಒಬ್ಬರನ್ನು ವಿಧಾನಸೌಧಕ್ಕೆ ಕಳಿಸಿತು, ಇನ್ನೊಬ್ಬರನ್ನು ಮನೆಗೆ ಕಳಿಸಿತು. ಇದಕ್ಕಿಂತ ಸಣ್ಣ ಅಂತರ ಇರಲು ಸಾಧ್ಯವೇ ಇಲ್ಲವಲ್ಲ!

ಈ ಇಬ್ಬರು ಯಾರು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕೃಷ್ಣಮೂರ್ತಿಯವರು ಬಿ. ರಾಚಯ್ಯನವರ ಮಗ. ರಾಚಯ್ಯನವರು ಚಾಮರಾಜನಗರದ ಹತ್ತಿರದ ಆಲೂರಿನವರು. ನಮ್ಮ ರಾಜ್ಯದಲ್ಲಿ ಮಂತ್ರಿಯಾಗಿದ್ದವರು, ಆಮೇಲೆ ಹಿಮಾಚಲ ಪ್ರದೇಶಕ್ಕೂ ಕೇರಳಕ್ಕೂ ರಾಜ್ಯಪಾಲರಾದವರು. ನಮ್ಮ ಕಡೆಯ ಹಳಬರು ಇವತ್ತಿಗೂ ಅವರ ಹೆಸರನ್ನು ಮರ್ಯಾದೆಯಿಂದಲೇ ಎತ್ತುತ್ತಾರೆ. ಧ್ರುವನಾರಾಯಣ ಹೆಗ್ಗವಾಡಿಯವರು, ಕೃಷಿ ವಿಜ್ಞಾನ ಓದಿದವರು. 1999ರಲ್ಲಿ ಇದೇ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತು ಸೋತು, 2004ಕ್ಕೆ ಕಾಂಗ್ರೆಸ್ಸಿನಿಂದ ಬಂದಿದ್ದರು. ಒಂದು ಕಡೆ ಹೆಸರಾಂತ ಮನೆ, ಇನ್ನೊಂದು ಕಡೆ ಊರೂರು ಸುತ್ತುವ ಹೊಸಬ. ಇಬ್ಬರೂ ಇದೇ ಮಣ್ಣಿನವರು.

ಇನ್ನು ನಮ್ಮ ಕಡೆ ಓಟು ಬೀಳುವ ರೀತಿ. ಚಾಮರಾಜನಗರ ಸೀಮೆಯ ಊರುಗಳಲ್ಲಿ ಬೀದಿ ಅಂದರೆ ಬರೀ ದಾರಿ ಅಲ್ಲ. ಲಿಂಗಾಯತರ ಬೀದಿ, ಉಪ್ಪಾರರ ಬೀದಿ, ನಾಯಕರ ಬೀದಿ, ಕುರುಬರ ಬೀದಿ, ದಲಿತರ ಬೀದಿ ಅಂತ ಒಂದೊಂದು ಕುಲಕ್ಕೂ ಒಂದೊಂದು. ಪ್ರತಿ ಬೀದಿಗೂ ಯಜಮಾನರಿರುತ್ತಾರೆ. ಮದುವೆ, ಜಗಳ, ಹಬ್ಬ ಎಲ್ಲಕ್ಕೂ ಅವರ ಮಾತು ನಡೆಯುತ್ತಿತ್ತು. ಚುನಾವಣೆ ಬಂದಾಗ ಕ್ಯಾಂಡಿಡೇಟು ಮೊದಲು ಬರುತ್ತಿದ್ದುದು ಯಜಮಾನರ ಜಗಲಿಗೆ. "ಈ ಬೀದಿ ಪೂರಾ ನಮ್ದು" ಅಂತ ಲೆಕ್ಕ ಬರೆದುಕೊಂಡು ಹೋಗುತ್ತಿದ್ದರು.

ಮೀಸಲು ಕ್ಷೇತ್ರದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿರುವಿದೆ. ನಿಂತವರೆಲ್ಲ ಪರಿಶಿಷ್ಟ ಜಾತಿಯವರೇ ಆದ್ದರಿಂದ ಮಿಕ್ಕ ಬೀದಿಗಳ ಜನಕ್ಕೆ "ನಮ್ಮವನು" ಅಂತ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ದಲಿತರ ಓಟು ಇಬ್ಬರ ನಡುವೆ ಹಂಚಿಹೋದರೆ ಗೆಲುವನ್ನು ತೀರ್ಮಾನಿಸುವುದು ಉಳಿದ ಬೀದಿಗಳು. ಹಾಗಾಗಿ ಇಂತಹ ಕಡೆ ಗೆಲ್ಲಬೇಕಾದವರು ಎಲ್ಲ ಬೀದಿಗೂ ಹೋಗಲೇಬೇಕು, ಎಲ್ಲರ ಮನೆಯ ಸಾವಿಗೂ ಮದುವೆಗೂ ಮುಖ ತೋರಿಸಲೇಬೇಕು. ಸ್ವತಂತ್ರ ಬಂದ ಹೊಸದರಲ್ಲಿ, 1952 ಮತ್ತು 1957ರ ಚುನಾವಣೆಗಳಲ್ಲಿ, ಒಂದೇ ಕ್ಷೇತ್ರದಿಂದ ಇಬ್ಬರನ್ನು ಆರಿಸುವ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು ಸ್ಥಾನ. 1961ರ ಕಾನೂನು ಅದನ್ನು ತೆಗೆದುಹಾಕಿ ಒಂದು ಕ್ಷೇತ್ರಕ್ಕೆ ಒಬ್ಬರೇ ಅಂತ ಮಾಡಿತು. ಊರಿನ ಎಲ್ಲ ಬೀದಿಗಳಿಗೂ ಒಬ್ಬನೇ ದಲಿತ ಶಾಸಕ ಅನ್ನುವ ಪರಿಸ್ಥಿತಿ ಬಂದದ್ದು ಹಾಗೆ. ತಮ್ಮ ಮನೆಯೊಳಗೆ ಕರೆಯದವರೂ ಓಟು ಹಾಕಿ ವಿಧಾನಸೌಧಕ್ಕೆ ಕಳಿಸಬೇಕಾಗಿ ಬಂತು, ಕೆಲಸ ಇದ್ದಾಗ ಅವರ ಮನೆ ಬಾಗಿಲಿಗೆ ತಾವೇ ಹೋಗಬೇಕಾಗಿಯೂ ಬಂತು. ಇದು ಸಣ್ಣ ಬದಲಾವಣೆ ಅಂತ ನನಗನ್ನಿಸುವುದಿಲ್ಲ.

2004ರಲ್ಲಿ ಇನ್ನೊಂದು ಹೊಸತೂ ಇತ್ತು. ದೇಶದ ಎಲ್ಲ ಮತಗಟ್ಟೆಗಳಲ್ಲೂ ಓಟಿನ ಮಿಷಿನ್ನು ಬಂದ ಮೊದಲ ಲೋಕಸಭಾ ಚುನಾವಣೆ ಅದು. ನಮ್ಮ ವಿಧಾನಸಭೆಗೂ ಜೊತೆಯಲ್ಲೇ ಮತದಾನ ನಡೆಯಿತು. ಚೀಟಿಗೆ ಮುದ್ರೆ ಒತ್ತಿ ಅಭ್ಯಾಸವಾಗಿದ್ದ ನಮ್ಮ ಅಜ್ಜಿಯಂದಿರು "ಪೀಂ" ಅನ್ನುವ ಸದ್ದು ಕೇಳಿ ಬೆಚ್ಚಿದ ಕಥೆಗಳನ್ನು ನೀವೂ ಕೇಳಿರುತ್ತೀರಿ. ಆದರೆ ಮಿಷಿನ್ನು ತಂದ ದೊಡ್ಡ ಬದಲಾವಣೆ ಆ ಸದ್ದಲ್ಲ. ಚೀಟಿಯ ಕಾಲದಲ್ಲಿ ಎಣಿಕೆಗೆ ಮುಂಚೆ ಹಲವು ಮತಗಟ್ಟೆಗಳ ಚೀಟಿಗಳನ್ನು ಒಟ್ಟಿಗೆ ಕಲಸಿಬಿಡುವ ಅವಕಾಶವಿತ್ತು. ಯಾವ ಊರು ಯಾರಿಗೆ ಹಾಕಿತು ಅಂತ ಗೊತ್ತಾಗಬಾರದು ಅನ್ನುವುದೇ ಅದರ ಉದ್ದೇಶ. ಮಿಷಿನ್ನು ಬಂದಮೇಲೆ ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಹೊರಬರತೊಡಗಿತು. "ನಿಮ್ಮ ಬೂತಲ್ಲಿ ನಮಗೆ ಲೀಡ್ ಬಂದಿಲ್ಲ, ಈಗ ಚರಂಡಿ ಬೇಕು ಅಂತೀರಾ?" ಅನ್ನುವ ಮಾತು ಹಳ್ಳಿಗಳಲ್ಲಿ ಶುರುವಾಗಿದ್ದು ಇದರಿಂದ. ಹಲವು ಮಿಷಿನ್ನುಗಳನ್ನು ಒಟ್ಟಿಗೆ ಎಣಿಸುವ ಸಾಧನ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾವ ಕಳಿಸಿತ್ತು, 2015ರಲ್ಲಿ ಕಾನೂನು ಆಯೋಗವೂ ಬೇಕು ಅಂದಿತು. ಅದು ಬರಲೇ ಇಲ್ಲ. ಓಟು ಗುಟ್ಟು, ಆದರೆ ಬೀದಿಯ ಓಟು ಗುಟ್ಟಲ್ಲ... ನಮ್ಮ ಸಣ್ಣ ಊರುಗಳ ರಾಜಕೀಯದ ಅರ್ಧ ಕಥೆ ಇದರಲ್ಲೇ ಇದೆ.

ಈಗ ನನ್ನ ಕಥೆಗೆ ಬರುತ್ತೇನೆ.

2004ರಲ್ಲಿ ನಾನು ಗೋಕುಲಂನಲ್ಲಿ ಒಂದು ಸಣ್ಣ ಬಾಡಿಗೆ ರೂಮಿನಲ್ಲಿದ್ದೆ. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಊರಲ್ಲೇ ಇತ್ತು, ಸಂತೇಮರಹಳ್ಳಿ ಕ್ಷೇತ್ರದಲ್ಲಿ. ಹಿಂದಿನ ದಿನ ಅಪ್ಪ ಒಂದು ರೂಪಾಯಿ ಕಾಯಿನ್ ಹಾಕುವ ಫೋನಿನಿಂದ ಮಾಲೀಕರ ಮನೆಗೆ ಫೋನ್ ಮಾಡಿಸಿ ನನ್ನನ್ನು ಕರೆಸಿದ್ದರು.

"ನಾಳೆ ಬತ್ತೀಯೇನ್ಲಾ ಓಟಾಕಕೆ?"

"ನೈಟ್ ಶಿಫ್ಟು ಅಪ್ಪ. ಬೆಳಿಗ್ಗೆ ನೋಡ್ತೀನಿ."

"ನೋಡದೇನು, ಬಾ ಕನ. ಒಂದು ಬಸ್ಸು ತಾನೆ."

ಅಷ್ಟರಲ್ಲಿ ಕಾಯಿನ್ ಮುಗಿಯಿತು.

ಬೆಳಿಗ್ಗೆ ಶಿಫ್ಟು ಮುಗಿಸಿ ಬಂದೆ. ಬಸ್ಸುಗಳೆಲ್ಲ ಎಲೆಕ್ಷನ್ ಡ್ಯೂಟಿಗೆ ಹೋಗಿರುತ್ತವೆ, ನಿಂತುಕೊಂಡೇ ಹೋಗಬೇಕು, ಬಿಸಿಲು ಬೇರೆ... ಹೀಗೆ ನನಗೆ ನಾನೇ ಕಾರಣ ಹೇಳಿಕೊಂಡು ಮಲಗಿಬಿಟ್ಟೆ. ಎದ್ದಾಗ ಮಧ್ಯಾಹ್ನ ಮೂರು ದಾಟಿತ್ತು. ಆಗ ಹೊರಟರೂ ತಲುಪಲಾಗುತ್ತಿರಲಿಲ್ಲ. "ನನ್ನೊಂದು ಓಟಿಂದ ಏನಾಗುತ್ತೆ" ಅಂತ ಆವತ್ತು ನಾನೂ ಅಂದುಕೊಂಡಿದ್ದೆ. ಎಳನೀರಿನಂಗಡಿಯ ಹುಡುಗ ಹೇಳಿದ್ದೂ ಅಕ್ಷರಶಃ ಅದೇ ಮಾತು.

ಮೇ 13ಕ್ಕೆ ಎಣಿಕೆ. ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜನತಾದಳ 58. ಎಲ್ಲರೂ ಸರ್ಕಾರ ಯಾರದ್ದು ಅಂತ ಮಾತಾಡುತ್ತಿದ್ದಾಗ ನಾನು ಮಾರನೇ ದಿನದ ಪೇಪರಿನಲ್ಲಿ ನಮ್ಮ ಕ್ಷೇತ್ರದ ಸಾಲು ಹುಡುಕಿ ನೋಡಿದೆ. ಮತ್ತೆ ನೋಡಿದೆ. ಬೆರಳಿಟ್ಟು ಕಳೆದು ನೋಡಿದೆ. ಒಂದು!

ಆಮೇಲೆ ಪತ್ರಿಕೆಗಳಲ್ಲಿ ಒಂದು ಕಥೆ ಬಹಳ ಓಡಾಡಿತು. ಸೋತವರ ಕಾರಿನ ಡ್ರೈವರ್ ಆ ದಿನ ಕೆಲಸದಲ್ಲೇ ಇದ್ದು ಓಟು ಹಾಕಿರಲಿಲ್ಲ, ಅವನು ಹಾಕಿದ್ದರೆ ಸಾಹೇಬರು ಗೆಲ್ಲುತ್ತಿದ್ದರು ಅಂತ. ನಾಲ್ಕು ವರ್ಷ ಕಳೆದು 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್ಸಿನ ಸಿ.ಪಿ. ಜೋಶಿ 62,215 ಓಟು ಪಡೆದು, 62,216 ಪಡೆದ ಬಿಜೆಪಿಯ ಕಲ್ಯಾಣ್ ಸಿಂಗ್ ಚೌಹಾಣ್ ಎದುರು ಒಂದೇ ಓಟಿನಿಂದ ಸೋತರು. ಅಲ್ಲೂ ಇದೇ ಕಥೆ! ಮನೆಯವರು ಹಾಕಿರಲಿಲ್ಲ, ಡ್ರೈವರ್ ಹಾಕಿರಲಿಲ್ಲ ಅಂತ ಪತ್ರಿಕೆಗಳು ಬರೆದವು. ನಡೆದಿರಲೂಬಹುದು. ಆದರೆ ನನಗನ್ನಿಸುವುದು, ಆ ಒಂದು ಓಟಿಗೆ ಒಂದು ಮುಖ ಬೇಕು ಜನಕ್ಕೆ. ಡ್ರೈವರನ ಮುಖ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಹೊದ್ದು ಮಲಗಿದ್ದ ನನ್ನಂಥವರ ಮುಖ ಯಾರಿಗೂ ಕಾಣುವುದಿಲ್ಲ.

ಈ ಕಥೆಯಲ್ಲಿ ಒಂದು ಲೆಕ್ಕದ ತಪ್ಪೂ ಇದೆ, ಗಮನಿಸಿದ್ದೀರಾ? ಸಂತೇಮರಹಳ್ಳಿಯಲ್ಲಿ ಡ್ರೈವರ್ ಓಟು ಹಾಕಿದ್ದರೆ ಸಾಹೇಬರು ಗೆಲ್ಲುತ್ತಿರಲಿಲ್ಲ. ಇಬ್ಬರಿಗೂ 40,752 ಆಗಿ ಸಮ ಆಗುತ್ತಿತ್ತು, ಅಷ್ಟೆ. ಸಮ ಆದರೆ ಏನು ಮಾಡಬೇಕು ಅಂತ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ವಿಧಿ ಹೇಳುತ್ತದೆ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗೆ ಒಂದು ಓಟು ಹೆಚ್ಚು ಬಿದ್ದಿದೆ ಅಂತ ಭಾವಿಸಬೇಕು. ಅಂದರೆ ಆಗಲೂ ಅದು ಒಂದು ಓಟಿನ ಗೆಲುವೇ. ಆದರೆ ಆ ಓಟನ್ನು ಜನ ಹಾಕಿರುವುದಿಲ್ಲ, ಅದೃಷ್ಟ ಹಾಕಿರುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆಗಳನ್ನು ನೋಡಿದವರಿಗೆ ಚೀಟಿ ಎತ್ತುವುದು ಹೊಸದಲ್ಲ. ವಿಧಾನಸಭೆಯ ಮಟ್ಟದಲ್ಲಿ ಅದರ ಅಂಚಿಗೆ ಹೋಗಿ ನಿಂತದ್ದು ನಮ್ಮ ಕ್ಷೇತ್ರ.

ನಾನು ಹೋಗಿದ್ದರೆ? ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಬ್ಬರಿಗೆ ಹಾಕಿದ್ದರೆ ಸಮ, ಚೀಟಿ. ಇನ್ನೊಬ್ಬರಿಗೆ ಹಾಕಿದ್ದರೆ ಅಂತರ ಎರಡು. ಮೂರನೆಯವರಿಗೆ ಹಾಕಿದ್ದರೆ ಇದ್ದಂತೆಯೇ ಒಂದು. ನಾನು ಯಾರಿಗೆ ಹಾಕುತ್ತಿದ್ದೆ ಅನ್ನುವುದು ನನಗೇ ಗೊತ್ತಿಲ್ಲ, ಯಾಕೆಂದರೆ ಯೋಚನೆಯನ್ನೇ ಮಾಡಿರಲಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುವುದು ಇದಕ್ಕೇ. ಓಟು ಹಾಕಲಿಲ್ಲ ಅನ್ನುವುದಕ್ಕಿಂತ, ಯಾರಿಗೆ ಅಂತ ಯೋಚಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ ಅನ್ನುವುದಕ್ಕೆ.

ಆ ವಾರ ಊರಿಗೆ ಹೋದಾಗ ಸರ್ಕಲ್ಲಿನ ಹೋಟೆಲಲ್ಲಿ ಒಂದು ವಿಚಿತ್ರ ನೋಡಿದೆ. ಗೆದ್ದ ಕಡೆಯ ಪ್ರತಿಯೊಬ್ಬರೂ "ನನ್ನೋಟಿಂದ್ಲೇ ಗೆದ್ದದ್ದು ಕನ" ಅನ್ನುತ್ತಿದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ! 40,752 ಜನರಲ್ಲಿ ಯಾರೊಬ್ಬರು ಬರದಿದ್ದರೂ ಸಮ ಆಗಿಬಿಡುತ್ತಿತ್ತು. ಯಜಮಾನರು, ಲೀಡರುಗಳು, ಮಂಡಿಯವರು, ಕೂಲಿಯವರು, ಎಲ್ಲರ ತೂಕವೂ ಆವತ್ತು ಒಂದೇ. ಸೋತ ಕಡೆಯವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾ, ಬರದೇ ಇದ್ದವರ ಪಟ್ಟಿ ಹಾಕುತ್ತಿದ್ದರು. ಬೆಂಗಳೂರಿಗೆ ಹೋದವರು, ತಿರುಪೂರಿನ ಕಡೆ ಕೆಲಸಕ್ಕೆ ಹೋದವರು, ಬಾಣಂತನಕ್ಕೆ ತವರಿಗೆ ಹೋದವರು. ನನ್ನ ಹೆಸರೂ ಅದರಲ್ಲಿ ಇತ್ತೇನೋ. ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಬಂದೆ.

ಅಪ್ಪ ಮಾತ್ರ ಬಯ್ಯಲಿಲ್ಲ. ಊಟಕ್ಕೆ ಕೂತಾಗ "ಬಂದಿದ್ರೆ ಏನಾಗದು?" ಅಂತ ಒಂದೇ ಮಾತು ಕೇಳಿದರು. ಅವರು ಯಾರಿಗೆ ಹಾಕಿದ್ದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಪುನರ್ವಿಂಗಡಣೆ ಆಯಿತು. 2008ರ ಮೇ ತಿಂಗಳಲ್ಲಿ ಹೊಸ ಗಡಿಗಳ ಪ್ರಕಾರ ಮೊದಲು ಓಟು ಹಾಕಿದ ರಾಜ್ಯ ಕರ್ನಾಟಕವೇ. ನಮ್ಮ ಕಡೆ ವರುಣಾ ಹೊಸದಾಗಿ ಹುಟ್ಟಿತು, ಬನ್ನೂರು ಹೋಯಿತು, ಸಂತೇಮರಹಳ್ಳಿಯೂ ಹೋಯಿತು. ಊರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಒಂದು ಓಟಿನ ಬೆಲೆ ತೋರಿಸಿದ ಕ್ಷೇತ್ರವೇ ನಕ್ಷೆಯಿಂದ ಅಳಿಸಿಹೋಯಿತು.

ಆ ಇಬ್ಬರ ಪೈಪೋಟಿ ಮಾತ್ರ ಅಳಿಸಲಿಲ್ಲ. 2008ರಲ್ಲಿ ಧ್ರುವನಾರಾಯಣ ಕೊಳ್ಳೇಗಾಲದಿಂದ ಶಾಸಕರಾದರು. 2009ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಅವರ ಎದುರು ಬಿಜೆಪಿಯಿಂದ ನಿಂತವರು ಯಾರು ಗೊತ್ತೆ? ಅದೇ ಕೃಷ್ಣಮೂರ್ತಿ. ಧ್ರುವನಾರಾಯಣ ಗೆದ್ದದ್ದು 4,002 ಓಟುಗಳಿಂದ. 2014ರಲ್ಲಿ ಮತ್ತೆ ಅದೇ ಇಬ್ಬರು, ಅಂತರ 1,41,182. ಒಂದು ಓಟಿನಿಂದ ಶುರುವಾದದ್ದು ಹತ್ತು ವರ್ಷದಲ್ಲಿ ಲಕ್ಷ ದಾಟಿತ್ತು. ಒಂದು ಓಟಿನಿಂದ ಗೆದ್ದವರು ನಿದ್ದೆ ಮಾಡುವುದಿಲ್ಲ, ಪ್ರತಿ ಮನೆಯನ್ನೂ ನೆನಪಿಟ್ಟುಕೊಳ್ಳುತ್ತಾರೆ ಅಂತ ನಮ್ಮ ಕಡೆಯವರು ಹೇಳುತ್ತಿದ್ದುದು ಸುಳ್ಳಿರಲಿಕ್ಕಿಲ್ಲ. ಆದರೂ 2019ರಲ್ಲಿ ಅವರೇ ವಿ. ಶ್ರೀನಿವಾಸಪ್ರಸಾದ್ ಎದುರು 1,817 ಓಟಿನಿಂದ ಸೋತರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಓಟು ಇಬ್ಬರಿಗೆ ಹಂಚಿದ ಚುನಾವಣೆಯಲ್ಲಿ ಅದು ಕೂದಲೆಳೆಯೇ.

ಕೃಷ್ಣಮೂರ್ತಿಯವರು ಆ ಹೊತ್ತಿಗೆ ಕಾಂಗ್ರೆಸ್ಸಿಗೆ ಬಂದಿದ್ದರು. 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು 19,454 ಓಟಿನಿಂದ ಸೋತರು. ರಾಜ್ಯದಲ್ಲಿ ಆ ವರ್ಷ ಆನೆ ಗುರುತಿನಿಂದ ಗೆದ್ದದ್ದು ಅದೊಂದೇ ಸೀಟು. ಬೀದಿ, ಯಜಮಾನರು ಅನ್ನುವ ಹಳೆಯ ಲೆಕ್ಕ ಪೂರ್ತಿ ಸರಿಯಲ್ಲ, ವರ್ಷಗಟ್ಟಲೆ ಊರೂರು ಸುತ್ತಿ ಸಂಘಟನೆ ಕಟ್ಟಿದರೆ ದಲಿತರ ಬೀದಿಯಿಂದಲೇ ಗೆಲುವು ಎದ್ದು ಬರಬಹುದು ಅಂತ ತೋರಿಸಿದ ಫಲಿತಾಂಶ ಅದು.

2023ರ ಮಾರ್ಚ್ 11ರಂದು ಧ್ರುವನಾರಾಯಣ ಮೈಸೂರಿನಲ್ಲಿ ತೀರಿಕೊಂಡರು. ಚುನಾವಣೆಗೆ ಎರಡೇ ತಿಂಗಳಿತ್ತು. ಮೇನಲ್ಲಿ ಅವರ ಮಗ ದರ್ಶನ್ ನಂಜನಗೂಡಿನಲ್ಲಿ 47,607 ಓಟಿನಿಂದ ಗೆದ್ದರು. ಅದೇ ಚುನಾವಣೆಯಲ್ಲಿ, ಅದೇ ಪಕ್ಷದಿಂದ, ಎ.ಆರ್. ಕೃಷ್ಣಮೂರ್ತಿ ಕೊಳ್ಳೇಗಾಲದಲ್ಲಿ, ಈಗ ಬಿಜೆಪಿಯಲ್ಲಿದ್ದ ಎನ್. ಮಹೇಶ್ ಅವರನ್ನು 59,519 ಓಟಿನಿಂದ ಸೋಲಿಸಿದರು. ಒಂದು ಓಟಿನಿಂದ ಸೋತು ಹತ್ತೊಂಬತ್ತು ವರ್ಷ ಆದಮೇಲೆ, ಸಂತೇಮರಹಳ್ಳಿಯೂ ಸೇರಿದ ಕ್ಷೇತ್ರದಿಂದಲೇ ವಿಧಾನಸಭೆಗೆ. ಅದನ್ನು ನೋಡಲು ಹಳೆಯ ಎದುರಾಳಿ ಇರಲಿಲ್ಲ. ಕಥೆ ಬರೆಯುವವರು ಹೀಗೆ ಬರೆದಿದ್ದರೆ "ಸ್ವಲ್ಪ ಜಾಸ್ತಿ ಆಯ್ತು" ಅಂದುಬಿಡುತ್ತಿದ್ದೆವು.

ಗೋಕುಲಂ ಬರುವುದು ಚಾಮರಾಜ ಕ್ಷೇತ್ರಕ್ಕೆ. ಓದಿದವರು, ಉಳ್ಳವರು ಇರುವ ಬಡಾವಣೆ. ಯೋಗ ಕಲಿಯಲು ಬಂದ ಪರದೇಶದವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಾಪೆ ಹೆಗಲಿಗೇರಿಸಿ ಹೋಗುವ ಬೀದಿಗಳು ಇವು. ಮತದಾನದ ದಿನ ಮಾತ್ರ ನಮ್ಮವರು ಎಂಟಾದರೂ ಏಳುವುದಿಲ್ಲ. ಚುನಾವಣೆ ಬಂದಾಗೆಲ್ಲ ನಗರದ ಕ್ಷೇತ್ರಗಳ ಮತದಾನ ಹಳ್ಳಿಗಳಿಗಿಂತ ಕಡಿಮೆಯೇ ಇರುತ್ತದೆ. ನಮ್ಮ ಸೀಮೆಯಲ್ಲಿ ಕೂಲಿ ಬಿಟ್ಟು, ಮಗು ಎತ್ತಿಕೊಂಡು, ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ. ಅವರಿಗೆ ಜಾತಿ, ದುಡ್ಡು ನೋಡಿ ಓಟು ಹಾಕುತ್ತಾರೆ ಅಂತ ಹೆಸರು. ಇಲ್ಲಿ ಹಾಕದೇ ಮಲಗುವವರಿಗೆ ಯಾವ ಹೆಸರೂ ಇಲ್ಲ. ದೂರ ಹೋಗುವುದೇನೂ ಬೇಡ, ನಮ್ಮ ಊರನ್ನೇ ಸುತ್ತುವರಿದಿರುವ ಚಾಮುಂಡೇಶ್ವರಿ ಕ್ಷೇತ್ರದ 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 257 ಓಟಿನಿಂದ. ಆವತ್ತು ಸೋತಿದ್ದರೆ ಕರ್ನಾಟಕದ ಮುಂದಿನ ಇಪ್ಪತ್ತು ವರ್ಷ ಬೇರೆಯೇ ಆಗಿರುತ್ತಿತ್ತೇನೋ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ ಹದಿನಾರು. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯ ಜನ!

ಅಂದ ಹಾಗೆ, ಆ ಹುಡುಗನಿಗೆ ಎಳನೀರಿನಂಗಡಿಯ ಹತ್ತಿರ ನಿಂತು ಈ ಕಥೆಯನ್ನೆಲ್ಲ ಹೇಳಿದೆ. ಇಷ್ಟು ಉದ್ದ ಅಲ್ಲ, ನಾಲ್ಕೇ ಮಾತಿನಲ್ಲಿ. "ನಿಜವಾಗ್ಲೂ ಒಂದಾ ಸಾರ್?" ಅಂತ ಮೊಬೈಲ್ ತೆಗೆದು ಹುಡುಕಿ ನೋಡಿದ. "ನಮ್ಮ ಓಟು ಇರೋದು ಹುಣಸೂರಲ್ಲಿ" ಅಂದ. ಗಂಟೆ ಇನ್ನೂ ಹತ್ತೂವರೆ. ಹುಣಸೂರಿಗೆ ಒಂದು ಬಸ್ಸು ತಾನೆ.

ಹೋದನೋ ಇಲ್ಲವೋ ಗೊತ್ತಿಲ್ಲ. ನಾನಂತೂ ಅಪ್ಪನ ಮಾತನ್ನೇ ಹೇಳಿ ಕಳಿಸಿದೆ. "ನೋಡದೇನು, ಹೋಗು ಕನ."